ಮೆನೆಗೊನ ಉದ್ದ ನಿಲುವಂಗಿ

ಕಾಸ್ತೆಲ್‌ಬ್ರೆಂಟ ಎಂಬ ಇಟಲಿಯ ನಮ್ಮೂರಿನ ಕ್ಷೌರಿಕ ಮೆನೆಗೊನ ಕತ್ತಿ ಎಷ್ಟು ಹರಿತವಾಗಿತ್ತೆಂದರೆ, ಸೋಮವಾರ ಅವನು ಬೋಳಿಸಿದ ಗಡ್ಡ, ತನ್ನನ್ನು ಕತ್ತರಿಸಿದ್ದು ತನಗೇ ತಿಳಿಯದೆ, ಗುರುವಾರದವರೆಗೂ ಗಲ್ಲದ ಮೇಲೆಯೇ ಕುಳಿತಿರುತ್ತಿತ್ತಂತೆ. ಇದರಲ್ಲಿ ತುಸು ಉತ್ಪ್ರೇಕ್ಷೆ ಇದೆ. ಬುಧವಾರವೇ ಉದುರಿದ್ದನ್ನು ಕಂಡವರಿದ್ದಾರೆ.

ಕ್ಷೌರ ಅವನ ಹೊಟ್ಟೆಪಾಡು. ಅದರ ಜೊತೆಗೆ ಹಲ್ಲು ಕೀಳುವುದು, ಕುರು ಒಡೆಯುವುದು, ಮೈಯಲ್ಲಿ ಕೆಟ್ಟ ರಕ್ತವಿದೆ ಎಂದು ಹೆದರಿದವರಿಂದ ಒಳ್ಳೆಯ ರಕ್ತ ತೆಗೆಯುವುದು. ಆದರೆ ಚಳಿಗಾಲ ಬಂದಾಗ, ಹೆಣ ಬೇಗ ಕೆಡದ ಆ ಕೆಲವು ವಾರಗಳಲ್ಲಿ, ಮೆನೆಗೊ ಇನ್ನೊಬ್ಬ ಮನುಷ್ಯನಾಗಿಬಿಡುತ್ತಿದ್ದ. ವಿದ್ಯಾಶಾಲೆಯ ವೈದ್ಯರು ಮನುಷ್ಯನ ದೇಹದೊಳಗೆ ಏನಿದೆ ಎಂದು ವಿದ್ಯಾರ್ಥಿಗಳಿಗೆ ತೋರಿಸುವಾಗ, ಆ ದೇಹವನ್ನು ಕೊಯ್ಯುವವನು ಅವನು. ವೈದ್ಯರು ಕೊಯ್ಯುತ್ತಿರಲಿಲ್ಲ. ವೈದ್ಯರು ಓದುತ್ತಿದ್ದರು.

ನಮ್ಮ ಕಡೆ ಆಗ ಗಾಯ ನೋಡುವವರಲ್ಲಿ ಎರಡು ಜಾತಿ. ಪಾದ ಮುಚ್ಚುವ ಕಪ್ಪು ನಿಲುವಂಗಿಯವರು ಮತ್ತು ಮೊಣಕಾಲಿಗೇ ನಿಂತುಬಿಡುವ ಗಿಡ್ಡ ಅಂಗಿಯವರು. ಉದ್ದದವರು ರೋಗಿಯ ನಾಡಿ ಹಿಡಿಯುತ್ತಾರೆ, ಗಿಡ್ಡದವರು ರೋಗಿಯನ್ನೇ ಹಿಡಿಯುತ್ತಾರೆ. ಉದ್ದದವರಿಗೆ ಚರ್ಚಿನಲ್ಲಿ ಬೆಂಚು, ಗಿಡ್ಡದವರಿಗೆ ಒರಗಿ ನಿಲ್ಲಲು ಕಂಬ. ಗಿಡ್ಡ ಅಂಗಿಯಲ್ಲಿ ಹುಟ್ಟಿದ ಮೆನೆಗೊನಿಗೆ ಈ ಲೋಕದಲ್ಲಿ ಬೇಕಾಗಿದ್ದದ್ದು ಒಂದೇ: ಸಾಯುವುದರೊಳಗೆ ಉದ್ದ ನಿಲುವಂಗಿ ತೊಟ್ಟು ಸಂತ ಲೊರೆನ್ಸೊ ಚರ್ಚಿನ ಬೆಂಚಿನ ಮೇಲೆ ಕೂರುವುದು.

ಅದಕ್ಕೆ ವೈದ್ಯರ ಕೂಟ ಒಪ್ಪಿ ಕೈ ಎತ್ತಬೇಕು. ಕೂಟದ ಕೈ ಎತ್ತಿಸುವ ಮಾತನ್ನು ಅವನಿಗೆ ಕೊಟ್ಟಿದ್ದವರು ಪೀಠದ ಮೇಲೆ ಕೂತು ಓದುವ ಡಾಕ್ಟರ್ ತಿಬೆರ್ತೊ. "ನಾನು ಪೀಠ ಇಳಿಯೋ ದಿನ ನಿನ್ನ ಮೈಮೇಲೆ ನಿಲುವಂಗಿ ಏರುತ್ತೆ ಕಣೋ ಮೆನೆಗೊ" ಎಂದಿದ್ದರು. ಅವರು ಹಾಗೆಂದಾಗ ಮೆನೆಗೊನ ತಲೆಯಲ್ಲಿ ಕೂದಲಿತ್ತು. ಅವನ ಹೆಂಡತಿ ಓರ್ಸೊಲಾ ಆ ಮಾತನ್ನು ನಂಬಿ ಬೆರ್ಗಮೊ ಉಣ್ಣೆಯ ಬಟ್ಟೆ ತಂದು ನಿಲುವಂಗಿ ಹೊಲಿದೇ ಬಿಟ್ಟಳು. ಲ್ಯಾವೆಂಡರ್ ಹೂವಿನ ಜೊತೆ ಪೆಟ್ಟಿಗೆಯಲ್ಲಿಟ್ಟಳು. ಪ್ರತಿ ವರ್ಷ ಈಸ್ಟರ್ ಹೊತ್ತಿಗೆ ಹೊರತೆಗೆದು ಬಿಸಿಲಿಗೆ ಹಾಕಿ, ಗಂಡನ ಹೊಟ್ಟೆಗೆ ಹಿಡಿದು ನೋಡಿ, ಹೊಲಿಗೆ ಬಿಚ್ಚಿ ಒಂದು ಬೆರಳು ಅಗಲ ಮಾಡುವಳು.

"ಹಿಂಗೇ ಅಗಲ ಮಾಡ್ತಾ ಹೋದ್ರೆ, ನೀನು ತೊಡೋ ಹೊತ್ತಿಗೆ ಇದು ದೋಣಿಗೆ ಹಾಯಿ ಆಗತ್ತೆ" ಎನ್ನುವಳು.

"ಆದ್ರೆ ಆಗ್ಲಿ ಬಿಡೇ. ವೆನಿಸ್‌ವರೆಗೂ ಗಾಳಿ ಹಿಡ್ಕೊಂಡು ಹೋಗ್ತೀನಿ."

ಶವ ಕೊಯ್ಯುವ ಚಾವಡಿಯಲ್ಲಿ ಎಲ್ಲವೂ ಕಟ್ಟಳೆಯಂತೆ ನಡೆಯುತ್ತಿತ್ತು. ಸುತ್ತ ಮರದ ಮೆಟ್ಟಿಲು ಬೆಂಚುಗಳು, ನಡುವೆ ಮೇಜು, ಮೇಜಿನ ಹಿಂದೆ ಗೋಪುರದಷ್ಟು ಎತ್ತರದ ಪೀಠ. ಪೀಠ ಎಷ್ಟು ಎತ್ತರವೆಂದರೆ ಡಾಕ್ಟರ್ ತಿಬೆರ್ತೊ ಮೇಲೆ ಹತ್ತಿ ಕೂತ ಮೇಲೆ ಅವರ ಸೀನು ಕೆಳಗೆ ತಲುಪುವ ಹೊತ್ತಿಗೆ ಅವರ ನೆಗಡಿ ವಾಸಿಯಾಗಿರುತ್ತಿತ್ತು. ಅಲ್ಲಿಂದ ಅವರು ಪುರಾತನ ಗ್ರೀಕ್ ವೈದ್ಯನೊಬ್ಬ ಬರೆದಿಟ್ಟ ಪುಸ್ತಕವನ್ನು ಲ್ಯಾಟಿನ್‌ನಲ್ಲಿ ಓದುವರು. ಕೆಳಗೆ ಮೆನೆಗೊ ಕೊಯ್ಯುವನು. ಪುಸ್ತಕ ಏನು ಹೇಳುತ್ತದೋ ದೇಹ ಅದನ್ನು ತೋರಿಸಬೇಕು. ತೋರಿಸದಿದ್ದರೆ ತಪ್ಪು ದೇಹದ್ದು.

ಮೇಜಿನ ಮೇಲೆ ಮಲಗುವವನು ಯಾರೆಂಬುದಕ್ಕೂ ಕಟ್ಟಳೆಯಿತ್ತು. ಗಲ್ಲಿಗೇರಿದವನೇ ಆಗಬೇಕು, ಆದರೆ ನಮ್ಮೂರಿನವನಾಗಬಾರದು. ದೂರದೂರಿನ ಕಳ್ಳ ಬೇಕು. ಅವನ ಆತ್ಮಕ್ಕೆ ಪೂಜೆಯ ಖರ್ಚು ಕೂಟದ್ದು. ಈ ಕಟ್ಟಳೆಯಿಂದಾಗಿ ನಮ್ಮೂರಿನ ಸ್ವಂತ ಕಳ್ಳರು ಗಲ್ಲುಗಂಬಕ್ಕೆ ನಡೆಯುವಾಗಲೂ ಒಂದು ಬಗೆಯ ಗತ್ತಿನಿಂದ ನಡೆಯುತ್ತಿದ್ದರು.

ಈ ಎಲ್ಲದರಲ್ಲಿ ತಲೆ ಒಡೆಯುವ ದಿನವೇ ದೊಡ್ಡದು. ಮಿದುಳಿನ ಬುಡದಲ್ಲಿ ಕೂದಲೆಳೆಯಂಥ ರಕ್ತನಾಳಗಳು ಹೆಣೆದುಕೊಂಡ ಒಂದು ಬಲೆ ಇದೆ, ರಕ್ತ ಅದರಲ್ಲಿ ಸೋಸಿ ಬುದ್ಧಿಯಾಗುತ್ತದೆ ಎಂದು ಪುಸ್ತಕ ಹೇಳಿತ್ತು. ಅದಕ್ಕೆ ಸೋಜಿಗದ ಬಲೆ ಎಂದೇ ಹೆಸರು. ಮೆನೆಗೊ ಮೊದಲ ಬಾರಿ ತಲೆ ಕೊಯ್ದ ವರ್ಷ, ಮೇಲಿನಿಂದ ಡಾಕ್ಟರು "ಈಗ ಸೋಜಿಗದ ಬಲೆಯನ್ನು ನೋಡಿ" ಎಂದು ಓದಿದರು. ಮೆನೆಗೊ ನೋಡಿದ. ಮತ್ತೆ ನೋಡಿದ. ಬಲೆ ಇರಲಿಲ್ಲ. ಇದ್ದಕ್ಕಿದ್ದಂತೆ ಕೆಮ್ಮು ಬಂದ ಡಾಕ್ಟರು ಆ ದಿನದ ಪಾಠ ಮುಗಿಸಿ, ಹಿಂದಿನ ಕೋಣೆಗೆ ಬಂದು ಅವನ ಕಿವಿಯ ಹತ್ತಿರ ಬಗ್ಗಿದರು.

"ಗಾಬರಿ ಆಗ್ಬೇಡ. ಇವನು ಕುದುರೆ ಕಳ್ಳ. ಬುದ್ಧಿ ಬೇಯಿಸೋ ಒಲೆ ಇವನ ತಲೇಲಿ ಎಲ್ಲಿಂದ ಬರ್ಬೇಕು? ಮುಂದಿನ ವರ್ಷ ಒಂದು ಟಗರಿನ ತಲೆ ತಂದಿಟ್ಕೋ. ಅದರಲ್ಲಿ ಚೆನ್ನಾಗಿ ಕಾಣತ್ತೆ."

ಮೆನೆಗೊನ ಮನಸ್ಸಿಗೆ ಇದು ಹಿಡಿಸಿತು. ಮೇಜಿನ ಮೇಲೆ ಬರುವವರೆಲ್ಲ ಪರಊರಿನ ಕಳ್ಳರು. ಅವರ ತಲೆಯಲ್ಲಿ ಬಲೆ ಇಲ್ಲದಿರುವುದು ನ್ಯಾಯವೇ. ನಮ್ಮೂರಿನ ಮರ್ಯಾದಸ್ಥರ ತಲೆಯಲ್ಲಿ ಇದ್ದೇ ಇರುತ್ತದೆ. ಮರ್ಯಾದಸ್ಥರನ್ನು ಕೊಯ್ಯುವಂತಿಲ್ಲವಾದ್ದರಿಂದ ಕಾಣುವುದಿಲ್ಲ, ಅಷ್ಟೆ. ಇದಕ್ಕಿಂತ ಭದ್ರವಾದ ತರ್ಕವನ್ನು ಗಾರೆ ಕೆಲಸದವರೂ ಕಟ್ಟಲಾರರು.

ಅಂದಿನಿಂದ ಪ್ರತಿ ವರ್ಷ ಟಗರು ಬಂತು. ಮೆನೆಗೊ ಅದರ ಕೊಂಬು ಕುಯ್ದು, ಉಣ್ಣೆ ಸುಲಿದು, ಬಟ್ಟೆ ಸುತ್ತಿ, ಮಿದುಳಿನ ಬುಡವಷ್ಟೇ ಕಾಣುವಂತೆ ಕಿಂಡಿ ಬಿಟ್ಟು, ಪರದೆಯ ಹಿಂದೆ ಇಡುತ್ತಿದ್ದ. ಸಮಯ ಬಂದಾಗ ತಟ್ಟೆಯಲ್ಲಿ ತರುವನು. ಮೇಲಿನ ಬೆಂಚಿನ ವಿದ್ಯಾರ್ಥಿಗಳಿಗೆ ಕೆಂಪಗೇನೋ ಕಾಣುವುದು. ಅವರು ಆಹಾ ಎನ್ನುವರು. ಕೆಳಗಿನ ಬೆಂಚಿನಲ್ಲಿ ಕೂತ ಉದ್ದ ನಿಲುವಂಗಿಯವರಿಗೆ ಟಗರಿನ ಹಲ್ಲೂ ಕಾಣುವುದು. ಅವರು ಇನ್ನೂ ಜೋರಾಗಿ ಆಹಾ ಎನ್ನುವರು.

ಟಗರು ಕೊಡುತ್ತಿದ್ದವಳು ಸೇತುವೆ ಬಳಿಯ ಮಾಂಸದಂಗಡಿಯ ವಿಧವೆ ಝನೆಟ್ಟಾ. ಅವಳ ನಾಲಿಗೆ ಅವಳ ಕೊಡಲಿಗಿಂತ ಹರಿತ.

"ಏನ್ ಮೇಸ್ತ್ರೀ, ದೇವರು ಮನುಷ್ಯನ್ನ ಮಾಡುವಾಗ ಮರೆತದ್ದನ್ನ ಈ ವರ್ಷಾನೂ ನನ್ನ ಅಂಗಡೀಲೇ ತಗೊಂಡೋಗ್ತೀಯಾ?"

"ದೇವರು ಮರ್ತಿಲ್ಲ ಕಣಮ್ಮಾ. ಕಳ್ಳರಿಗೆ ಕೊಟ್ಟಿಲ್ಲ."

"ಹಂಗಾದ್ರೆ ನನ್ನ ಟಗರು ಮನುಷ್ಯರಿಗಿಂತ ಮರ್ಯಾದಸ್ಥ ಅಂತಾಯ್ತು."

"ಅದೇನೂ ಕದ್ದಿಲ್ಲವಲ್ಲ."

"ಹೋದ ಹುಣ್ಣಿಮೇಲಿ ಪಾದ್ರಿಗಳ ತೋಟದ ಎಲೆಕೋಸು ಪೂರ್ತಿ ತಿಂದಿತ್ತು ಮಹರಾಯಾ, ಅದಕ್ಕೇ ಕಡಿದದ್ದು."

ಹೋಗಹೋಗುತ್ತ ಬಲೆ ಒಂದೇ ಅಲ್ಲ, ಇನ್ನೂ ಕೆಲವು ಅಂಗಗಳು ಝನೆಟ್ಟಾಳ ಅಂಗಡಿಯಿಂದ ಹೋಗತೊಡಗಿದವು. ಪುಸ್ತಕದ ಮಾತಿಗೆ ಮನುಷ್ಯನ ಪಿತ್ತಜನಕಾಂಗ ಒಪ್ಪದಿದ್ದರೆ ನಾಯಿಯದು, ಗರ್ಭಕೋಶ ಒಪ್ಪದಿದ್ದರೆ ಹಂದಿಯದು. ಪುಸ್ತಕದ ಪ್ರಕಾರ ಒಬ್ಬ ಮನುಷ್ಯನನ್ನು ಪೂರ್ತಿಯಾಗಿ ಜೋಡಿಸಿದ್ದರೆ ಅವನು ಬೊಗಳುತ್ತ, ಗುಟುರು ಹಾಕುತ್ತ, ಕಂಡವರಿಗೆಲ್ಲ ಹಾಯುತ್ತ ಚೌಕದ ತುಂಬ ಓಡಾಡುತ್ತಿದ್ದ. ಲ್ಯಾಟಿನ್ ಮಾತ್ರ ಸ್ಪಷ್ಟವಾಗಿ ಮಾತಾಡುತ್ತಿದ್ದ.

ಹೀಗಿರುವಾಗ ಡಾಕ್ಟರ್ ತಿಬೆರ್ತೊ ಪೀಠ ಇಳಿಯುವ ಮೊದಲೇ ಭೂಮಿಗೆ ಇಳಿದರು. ಮಧ್ಯಾಹ್ನದ ಊಟಕ್ಕೆ ಹಾವುಮೀನು ತಿನ್ನುತ್ತ ಕೂತವರು ತಲೆ ಹಿಡಿದುಕೊಂಡು ತಟ್ಟೆಯ ಮೇಲೆಯೇ ಒರಗಿದರು. ಅವರಿಗೆ ವರ್ಷಗಟ್ಟಲೆ ತಲೆನೋವಿತ್ತು. ಇಬ್ಬರು ಗಂಡುಮಕ್ಕಳಿಗೂ ಅದೇ ತಲೆನೋವು. ಅವರ ಹೆಂಡತಿ ದೊನ್ನಾ ಲಾವ್ದೋಮಿಯಾ ಮೆನೆಗೊನನ್ನು ಕರೆಸಿದರು. ಚಾವಡಿಯಲ್ಲಿ ನಮ್ಮೂರಿನವರನ್ನು ಕೊಯ್ಯುವಂತಿಲ್ಲ, ನಿಜ. ಆದರೆ ಸಾವಿನ ಕಾರಣ ತಿಳಿಯಲು ಮನೆಯೊಳಗೆ, ಮನೆಯವರು ಕೇಳಿದರೆ, ಕೊಯ್ಯಬಹುದು.

ಮರುದಿನ ಬೆಳಿಗ್ಗೆ ಕಿಟಕಿಯ ಬೆಳಕಿನಲ್ಲಿ ಮೆನೆಗೊ ತನ್ನ ಗುರುವಿನ ತಲೆ ತೆರೆದ.  ಹಬ್ಬದ ಬೆಳಿಗ್ಗೆ ಪೊಟ್ಟಣ ಬಿಚ್ಚುವ ಮಗುವಿನಂತೆ ಆತುರವಾಗಿತ್ತು ಅವನಿಗೆ. ಕಳ್ಳರ ತಲೆಗಳಲ್ಲಿ ವರ್ಷಗಟ್ಟಲೆ ಕಾಣದೆ ಹೋದದ್ದನ್ನು ಇಂದು ಕಾಣುತ್ತೇನೆ ಎಂದುಕೊಂಡ. ಇಷ್ಟು ದೊಡ್ಡ ವಿದ್ವಾಂಸರ ತಲೆ. ಬ್ರೆಂಟಾ ನದಿಯ ಬೆಸ್ತರೆಲ್ಲರ ಬಲೆಗಳನ್ನು ಒಟ್ಟಿಗೆ ಹೊಲಿದರೂ ಸಾಟಿಯಾಗದಂಥ ಬಲೆ ಅದರಲ್ಲಿ ಇರಬೇಕು.

ಒಂದು ಕಡೆ ಕಪ್ಪಗೆ ಹೆಪ್ಪುಗಟ್ಟಿದ ರಕ್ತವಿತ್ತು. ಸಾವಿನ ಕಾರಣ ಅದು. ಬುಡದಲ್ಲಿ ಕುದುರೆ ಕಳ್ಳನ ತಲೆಯಲ್ಲಿದ್ದಷ್ಟೇ ಇತ್ತು. ಒಂದು ಎಳೆ ಹೆಚ್ಚಿಲ್ಲ, ಒಂದು ಎಳೆ ಕಡಿಮೆಯಿಲ್ಲ.

ತಲೆ ಹೊಲಿದು, ಟೊಪ್ಪಿ ಹಾಕಿ, ಕೈ ತೊಳೆದು ಹೊರಬಂದಾಗ ದೊನ್ನಾ ಲಾವ್ದೋಮಿಯಾ ಬಾಗಿಲಲ್ಲೇ ನಿಂತಿದ್ದರು.

"ಕಂಡಿತಾ?"

"ರಕ್ತ ಹೆಪ್ಪುಗಟ್ಟಿತ್ತಮ್ಮಾ."

"ಅದಲ್ಲ ಮೆನೆಗೊ. ಆ ಬಲೆ. ಊಟಕ್ಕೆ ಕೂತಾಗೆಲ್ಲ ಅದರ ಮಾತೇ ಆಡೋರು. ನನ್ನ ಹತ್ರ ಮಾತಾಡೋದಕ್ಕಿಂತ ಅದರ ಬಗ್ಗೆ ಮಾತಾಡಿದ್ದೇ ಹೆಚ್ಚು."

ಮೆನೆಗೊ ಅವರ ಕಣ್ಣು ನೋಡಿದ. "ಇತ್ತಮ್ಮಾ" ಎಂದ. "ಬಂಗಾರದ ಹಂಗಿತ್ತು."

ಅವತ್ತು ಮನೆಯಲ್ಲಿ ನವಣೆ ಗಂಜಿಯ ಮುಂದೆ ಕೂತವನು ಚಮಚ ಮುಟ್ಟಲಿಲ್ಲ. ಓರ್ಸೊಲಾ ಏನೆಂದು ಕೇಳಿ ತಿಳಿದುಕೊಂಡಳು.

"ಅವರಿಗೇ ಆ ಬಲೆ ಇರ್ಲಿಲ್ಲ ಅಂದ್ಮೇಲೆ ನಿಂಗೂ ಇಲ್ಲ ಬಿಡು."

"ನಂಗಿಲ್ಲ ಅಂತ ನಿಂಗೆ ಮದುವೆ ದಿನಾನೇ ಗೊತ್ತಿತ್ತಲ್ಲ."

"ಗೊತ್ತಿತ್ತು. ಆದ್ರೆ ಅವರಿಗಿದೆ ಅಂತ ನಂಬಿ ನಿಲುವಂಗಿ ಹೊಲಿದೆನಲ್ಲ, ಅದಕ್ಕೇನ್ ಹೇಳ್ತೀಯ?"

ತೆರವಾದ ಪೀಠಕ್ಕೆ ವೆರೋನಾದಿಂದ ಹೊಸ ಡಾಕ್ಟರು ಬಂದರು. ಹೆಸರು ಗಾಸ್ಪಾರೊ. ವಯಸ್ಸು ಎಷ್ಟು ಚಿಕ್ಕದೆಂದರೆ ಗಡ್ಡ ಮಾತ್ರ ಡಾಕ್ಟರದ್ದು, ಕೆನ್ನೆ ಇನ್ನೂ ವಿದ್ಯಾರ್ಥಿಯದು. ಮೊದಲ ದಿನ ಚಾವಡಿಗೆ ಬಂದವರು ಪೀಠವನ್ನೊಮ್ಮೆ ನೋಡಿ, ಅದರ ಪಕ್ಕದಲ್ಲೇ ನಡೆದು ಬಂದು, ತೋಳು ಮಡಚಿ, ಮೆನೆಗೊನ ಕೈಯಿಂದ ಕತ್ತಿ ತೆಗೆದುಕೊಂಡರು. ಪೋಪ್ ಸ್ವತಃ ಪೊರಕೆ ಹಿಡಿದು ಚರ್ಚು ಗುಡಿಸಿದ್ದರೂ ಅಷ್ಟು ಗದ್ದಲವಾಗುತ್ತಿರಲಿಲ್ಲ. ಇಬ್ಬರು ಹಿರಿಯ ವೈದ್ಯರು ಎದ್ದು ಹೋದರು. ಮೂರನೆಯವರು ಎದ್ದು ಹೋಗಲು ಎದ್ದು, ಏನು ಕಾಣುತ್ತದೋ ಎಂಬ ಆಸೆಗೆ ಮತ್ತೆ ಕೂತರು.

"ಈ ಪುಸ್ತಕ ಬರೆದವನು ಮನುಷ್ಯನ ದೇಹಾನ ಒಂದು ಸಲವಾದ್ರೂ ಕೊಯ್ದು ನೋಡಿದ್ನಾ?" ಎಂದು ಗಾಸ್ಪಾರೊ ಬೆಂಚುಗಳಿಗೆ ಕೇಳಿದರು. "ಕೋತಿ ಕೊಯ್ದು ಮನುಷ್ಯ ಅಂತ ಬರೆದಿದ್ದಾನೆ. ನೀವು ಕಣ್ಣು ಮುಚ್ಕೊಂಡು ಓದ್ತೀರಿ. ಕಣ್ಣು ಬಿಡಿ. ಕೈ ಇಡಿ. ನಾನು ಹೇಳಿದ್ದನ್ನೂ ನಂಬಬೇಡಿ, ನೋಡಿ."

ವಿದ್ಯಾರ್ಥಿಗಳು ಬೆಂಚು ಕುಟ್ಟಿದ ಸದ್ದಿಗೆ ಸೇತುವೆಯಾಚೆ ಝನೆಟ್ಟಾಳ ಅಂಗಡಿಯ ಕೊಕ್ಕೆಗಳಿಂದ ಹಂದಿಗಳು ಉದುರಿದವಂತೆ. ಮೆನೆಗೊನ ಮೈಯೂ ಜುಮ್ಮೆಂದಿತು. ಕತ್ತಿ ಹೋಗಿ ಕೈಗೆ ಸ್ಪಂಜು, ಬಕೀಟು ಬಂದಿದ್ದವು. ಆದರೂ ಅವನಿಗೆ ಬೇಸರವಾಗಲಿಲ್ಲ. ನಾನು ಹೇಳಿದ್ದನ್ನೂ ನಂಬಬೇಡಿ ಎಂದ ಡಾಕ್ಟರನ್ನು ಅವನು ಅದುವರೆಗೆ ಕಂಡಿರಲಿಲ್ಲ.

ತಲೆಯ ದಿನ ಹತ್ತಿರ ಬಂದಾಗ ಗಾಸ್ಪಾರೊ ಅವನ ಅಂಗಡಿಗೇ ಬಂದು ಗಡ್ಡಕ್ಕೆ ಕೂತರು.

"ಮೆನೆಗೊ, ನಿಜ ಹೇಳು. ಆ ಬಲೆ ನಿನ್ನ ಕಣ್ಣಿಗೆ ಯಾವತ್ತಾದ್ರೂ ಬಿದ್ದಿದೆಯಾ?"

ಮೆನೆಗೊ ನೊರೆ ಹಚ್ಚುವುದನ್ನು ನಿಲ್ಲಿಸಿದ. ಹೇಳಿದ. ಕಳ್ಳರ ತಲೆ, ಟಗರಿನ ತಲೆ, ಕೊನೆಗೆ ತಿಬೆರ್ತೊ ಅವರ ತಲೆ, ಎಲ್ಲ ಹೇಳಿದ. ಗಾಸ್ಪಾರೊ ನೊರೆಯ ಗಡ್ಡದಲ್ಲೇ ಎದ್ದು ನಿಂತರು.

"ಇದನ್ನ ಚಾವಡೀಲಿ, ಎಲ್ಲರ ಮುಂದೆ ಹೇಳು. ನಾನು ಹೇಳಿದ್ರೆ ಹುಡುಗು ಬುದ್ಧಿ ಅಂತಾರೆ. ಇಷ್ಟು ವರ್ಷ ಕೊಯ್ದ ಕೈ ಹೇಳಿದ್ರೆ ಯಾರೂ ಅಲ್ಲ ಅನ್ನೋ ಹಂಗಿಲ್ಲ. ನಿನ್ನ ನಿಲುವಂಗಿ ಕಥೆ ಗೊತ್ತು ನಂಗೆ. ಅದು ನನ್ನ ಜವಾಬ್ದಾರಿ."

ಅವರು ಹೋಗಿ ಗಲ್ಲದ ನೊರೆ ಆರುವಷ್ಟೂ ಹೊತ್ತಾಗಿರಲಿಲ್ಲ, ಕೂಟದ ಹಿರಿಯ ಡಾಕ್ಟರ್ ಪೊಂಪಿಲಿಯೊ ಬಂದು ಅದೇ ಕುರ್ಚಿಯಲ್ಲಿ ಕೂತರು. ಅವರ ತಲೆಯಲ್ಲಿ ಕತ್ತರಿಸಲು ಏನೂ ಇರಲಿಲ್ಲ.

"ಟಗರಿನ ತಲೆಗೆ ಹೇಳಿಟ್ಟಿದೀಯ ತಾನೇ?"

"ಹೇಳಿದೀನಿ ಸ್ವಾಮಿ. ಪ್ರತಿ ವರ್ಷದ ಹಂಗೆ."

"ಒಳ್ಳೇದು. ಆ ಹುಡುಗ ಏನು ಬೇಕಾದ್ರೂ ಕೇಳ್ಲಿ, ನೀನು ತಟ್ಟೆ ತಂದಿಡು, ಸುಮ್ನೆ ನಿಂತ್ಕೋ. ಈಸ್ಟರ್ ಒಳಗೆ ನಿಲುವಂಗಿ ವಿಷಯ ಕೂಟದ ಮುಂದೆ ತರ್ತೀನಿ. ತಿಬೆರ್ತೊ ಕೊಟ್ಟ ಮಾತು, ನಾವು ಉಳಿಸ್ಕೋಬೇಕು."

ಬೆನ್ನು ಒಂದು, ನಿಲುವಂಗಿ ಎರಡು. ಮೆನೆಗೊ ಇದನ್ನು ಹೆಂಡತಿಗೆ ಹೇಳಿದಾಗ ಅವಳು ಪೆಟ್ಟಿಗೆ ತೆರೆದು ಲ್ಯಾವೆಂಡರ್ ಕೊಡವಿದಳು. "ಯಾರು ಕೊಟ್ರೆ ನಂಗೇನು? ಹೊಲಿದದ್ದು ನಾನು. ನೀನು ಮಾತ್ರ ಇಬ್ಬರ ಮಧ್ಯೆ ನಿಂತು ಬರೀ ಮೈಯಲ್ಲಿ ಮನೆಗೆ ಬರ್ಬೇಡ."

ಕಾರ್ನಿವಲ್ ಹಬ್ಬದ ವಾರದಲ್ಲಿ ಬಂತು ಆ ದಿನ. ಮುಖವಾಡ ಹಾಕಿದವರೂ ಬಂದು ಮೇಲಿನ ಬೆಂಚುಗಳಲ್ಲಿ ಕರಿದ ತಿಂಡಿ ಮೆಲ್ಲುತ್ತ ಕೂತಿದ್ದರು. ಮೇಜಿನ ಮೇಲಿದ್ದವನು ಫ್ರಿಯುಲಿ ಕಡೆಯ ಒಬ್ಬ ಹೇಸರಗತ್ತೆ ಕಳ್ಳ. ಪರದೆಯ ಹಿಂದೆ ಬಟ್ಟೆ ಸುತ್ತಿದ ಟಗರಿನ ತಲೆಯಿತ್ತು. ಏನು ಹೇಳಬೇಕು ಎಂದು ಮೆನೆಗೊ ಆಗಲೂ ತೀರ್ಮಾನಿಸಿರಲಿಲ್ಲ. ಎರಡು ಕೈಗೂ ಕೆಲಸ ಸಿಗಲಿ ಎಂದು ತಟ್ಟೆ ಒರೆಸುತ್ತಿದ್ದ.

ಗಾಸ್ಪಾರೊ ಮಿದುಳು ಎತ್ತಿ ಬುಡ ತೋರಿಸಿದರು. ಬೆಂಚಿನವರು ಕತ್ತು ಚಾಚಿದರು. ಕೆಳಗಿನ ಸಾಲಿನಿಂದ ಪೊಂಪಿಲಿಯೊ ಮೆಲ್ಲಗೆ ಕೆಮ್ಮಿದರು. ಅದು ತಟ್ಟೆ ತಾ ಎಂಬ ಕೆಮ್ಮು. ತಿಬೆರ್ತೊ ಕಾಲದಿಂದ ಬಂದದ್ದು.

"ಮೇಸ್ತ್ರಿ ಮೆನೆಗೊ, ಇಲ್ಲಿ ಬಾ" ಎಂದರು ಗಾಸ್ಪಾರೊ. "ಇಷ್ಟು ತಲೆ ಒಡೆದಿದೀಯ. ಸೋಜಿಗದ ಬಲೆ ಎಲ್ಲಿದೆ, ತೋರ್ಸು."

ಮೆನೆಗೊ ಹೋಗಿ ಬಗ್ಗಿ ನೋಡಿದ. ಹೇಸರಗತ್ತೆ ಕಳ್ಳನ ತಲೆಯೊಳಗೆ ತಿಬೆರ್ತೊ ಅವರ ತಲೆಯೊಳಗಿದ್ದದ್ದೇ ಇತ್ತು. ಈ ಬಡಪಾಯಿಗಳನ್ನೆಲ್ಲ ಬುದ್ಧಿಯಿಲ್ಲದವರೆಂದು ನಂಬಿ, ಕೋಳಿಗಳಂತೆ ಕೊಯ್ದು, ಕೈ ತೊಳೆದು ಊಟಕ್ಕೆ ಹೋಗಿದ್ದು ಅವನ ನೆನಪಿಗೆ ಬಂತು. ಹಾಗೆ ನಂಬಿಸಿದವರ ಮೇಲೆ ಬಂದ ಸಿಟ್ಟಿನಲ್ಲಿ ನಿಲುವಂಗಿಯೂ ಮರೆತುಹೋಯಿತು. ಅವನು ಪರದೆಯ ಹಿಂದೆ ಹೋಗಿ ತಟ್ಟೆ ತಂದ. ಪೊಂಪಿಲಿಯೊ ಅವರ ಮುಖ ಅರಳಿತು. ಮೆನೆಗೊ ಮೇಜಿನ ಮೇಲೆ ತಟ್ಟೆಯಿಟ್ಟು ಸುತ್ತಿದ ಬಟ್ಟೆ ಎಳೆದ. ಟಗರು ಹಲ್ಲು ಕಿರಿದು ಸಭೆಯನ್ನು ನೋಡಿತು.

"ಬಲೆ ಇರೋದು ಇದರಲ್ಲಿ ಸ್ವಾಮಿ" ಎಂದ. "ಮನುಷ್ಯನಲ್ಲಿ ನಾನು ಒಂದು ದಿನಾನೂ ಕಂಡಿಲ್ಲ. ಕಳ್ಳರಲ್ಲೂ ಕಂಡಿಲ್ಲ. ಡಾಕ್ಟರ್ ತಿಬೆರ್ತೊ ತಲೇಲೂ ಇರ್ಲಿಲ್ಲ. ಪ್ರತಿ ವರ್ಷ ನೀವೆಲ್ಲ ಆಹಾ ಅಂದದ್ದು ಝನೆಟ್ಟಾಳ ಟಗರಿಗೆ."

ಆಮೇಲೆ ನಡೆದದ್ದನ್ನು ಊರು ಇನ್ನೂ ಹೇಳುತ್ತದೆ. ಮೇಲಿನ ಬೆಂಚಿನವರು ನಕ್ಕ ರಭಸಕ್ಕೆ ಚಾವಡಿಯ ಮಾಡು ಒಂದಂಗುಲ ಎದ್ದು ಮತ್ತೆ ಕೂತಿತು. ಒಂದು ಹೆಂಚು ಮಾತ್ರ ಜಾಗಕ್ಕೆ ಸರಿಯಾಗಿ ಬೀಳಲಿಲ್ಲ, ಈಗಲೂ ಸೋರುತ್ತದೆ. ವಿದ್ಯಾರ್ಥಿಗಳು ಗಾಸ್ಪಾರೊ ಅವರನ್ನು ಹೆಗಲ ಮೇಲೆ ಹೊತ್ತು ಚೌಕದ ಸುತ್ತ ಮೆರೆಸಿದರು. ಕಾರ್ನಿವಲ್‌ನ ಜನ ಇದಾವುದೋ ಹೊಸ ವೇಷ ಎಂದು ಜೊತೆಗೆ ಡೋಲು ಬಡಿದರು. ಮೆನೆಗೊನನ್ನು ಯಾರೂ ಹೊರಲಿಲ್ಲ. ಅವನು ಚಾವಡಿ ತೊಳೆಯಬೇಕಿತ್ತು.

ವಾರ ಕಳೆದು ವೈದ್ಯರ ಕೂಟ ಸೇರಿತು. ಮೆನೆಗೊನಿಗೆ ಕರೆ ಬಂತು. ಓರ್ಸೊಲಾ ನಿಲುವಂಗಿ ಮಡಚಿ ಅವನ ಕಂಕುಳಿಗೆ ಕೊಟ್ಟು ಕಳಿಸಿದಳು: "ಅಲ್ಲೇ ಹೊದಿಸ್ತೀವಿ ಅಂದ್ರೆ ಇರ್ಲಿ."

ಕೂಟದ ಕಷ್ಟವೂ ಸಣ್ಣದಲ್ಲ. ಊರೆಲ್ಲ ನಗುತ್ತಿತ್ತು. ಬಲೆ ಇಲ್ಲ ಎಂಬುದನ್ನು ಇನ್ನು ಮುಚ್ಚಿಡುವಂತಿಲ್ಲ. ಹಾಗಾದರೆ ಇಷ್ಟು ವರ್ಷ ಇಷ್ಟು ಮಂದಿ ವಿದ್ವಾಂಸರು ಏನನ್ನು ನೋಡುತ್ತಿದ್ದರು? ಪುಸ್ತಕ ಸುಳ್ಳು ಹೇಳಿತು ಎನ್ನಲು ಹಿರಿಯರಿಗೆ ಮನಸ್ಸಿಲ್ಲ. ತಿಬೆರ್ತೊ ಸುಳ್ಳು ಹೇಳಿದರು ಎನ್ನೋಣವೆಂದರೆ ಅವರ ಮಕ್ಕಳು ಕೂಟದಲ್ಲೇ ಕೂತಿದ್ದಾರೆ. ನಾವೇ ಸುಳ್ಳು ಹೇಳಿದೆವು ಎನ್ನುವುದಂತೂ ಲ್ಯಾಟಿನ್‌ನಲ್ಲಿ ಹೇಳಲು ಬರುವುದಿಲ್ಲ. ಕೊನೆಗೆ ಪೊಂಪಿಲಿಯೊ ಅವರಿಗೆ ಹೊಳೆಯಿತು.

"ಟಗರಿನ ತಲೆಗೆ ಬಟ್ಟೆ ಸುತ್ತಿ ತಂದವನು ಯಾರು?" ಎಂದು ಕೇಳಿದರು.

"ನಾನೇ ಸ್ವಾಮಿ. ಡಾಕ್ಟರ್ ತಿಬೆರ್ತೊ ಹೇಳಿದ್ರು..."

"ತೀರಿಕೊಂಡವರ ಹೆಸರು ಎತ್ತಬೇಡ. ಸುತ್ತಿದವನು ಯಾರು?"

"ನಾನು."

"ಕೊಂಬು ಕತ್ತರಿಸಿದವನು?"

"ನಾನು."

"ಒಬ್ಬ ಕ್ಷೌರಿಕ" ಎಂದು ಪೊಂಪಿಲಿಯೊ ಕೂಟದ ಕಡೆ ತಿರುಗಿದರು, "ತನ್ನ ಅಜ್ಞಾನ ಮುಚ್ಚೋಕೆ, ಇಡೀ ವೈದ್ಯ ಸಮೂಹಕ್ಕೆ ಇಷ್ಟು ವರ್ಷ ಟಗರು ತೋರಿಸಿ ಮೋಸ ಮಾಡಿದ."

ಎಲ್ಲರೂ ಒಮ್ಮೆಲೇ ಉಸಿರು ಬಿಟ್ಟರು. ಚಾವಡಿಯಿಂದ ಎದ್ದು ಹೋದ ಇಬ್ಬರೂ, ಹೋಗದೆ ಕೂತ ಮೂರನೆಯವರೂ. ಮೆನೆಗೊ ಗಾಸ್ಪಾರೊ ಅವರ ಕಡೆ ನೋಡಿದ. ಗಾಸ್ಪಾರೊ ತಮ್ಮ ಉಗುರು ನೋಡಿಕೊಂಡರು.

ಅವನು ಇನ್ನು ಮುಂದೆ ಹೆಣ ಮುಟ್ಟಬಾರದು, ರಕ್ತ ತೆಗೆಯಬಾರದು, ಗಡ್ಡವೊಂದನ್ನು ಬಿಟ್ಟು ಬೇರೇನನ್ನೂ ಕೊಯ್ಯಬಾರದು ಎಂದು ತೀರ್ಪಾಯಿತು. ಕೈಗಳು ಎದ್ದವು. ಗಾಸ್ಪಾರೊ ಅವರ ಕೈಯೂ ಎದ್ದಿತು. ಹಳಬರೂ ಹೊಸಬರೂ ಆ ವರ್ಷ ಒಮ್ಮತದಿಂದ ಒಪ್ಪಿದ ಮಾತು ಇದೊಂದೇ.

ಹೊರಗೆ ಮೆಟ್ಟಿಲ ಮೇಲೆ ಗಾಸ್ಪಾರೊ ಅವನ ಹೆಗಲು ಹಿಡಿದು ನಿಲ್ಲಿಸಿದರು.

"ಅರ್ಥ ಮಾಡ್ಕೋ ಮೆನೆಗೊ. ನೀನು ಸಾಕ್ಷಿ ಹೇಳಿದೀಯ. ಈಗ ನಿಂಗೆ ನಿಲುವಂಗಿ ಕೊಡಿಸಿದ್ರೆ, ಲಂಚ ಕೊಟ್ಟು ಹೇಳಿಸಿದ ಅಂತಾರೆ. ಸತ್ಯಕ್ಕೆ ಮಸಿ ಹತ್ತುತ್ತೆ. ನಿನ್ನ ಸಾಕ್ಷಿ ಶುದ್ಧವಾಗಿ ಉಳೀಬೇಕು ಅಂದ್ರೆ ನೀನು ಏನೂ ತಗೋಬಾರ್ದು."

"ಕೈ ಯಾಕೆ ಎತ್ತಿದ್ರಿ ಸ್ವಾಮಿ?"

"ಎತ್ತದೇ ಇದ್ರೆ ನಾವಿಬ್ಬರೂ ಒಟ್ಟು ಸೇರಿದೀವಿ ಅಂತಾರಲ್ಲ."

ಇಷ್ಟು ಶುದ್ಧವಾಗಿ ಯಾರೂ ಅವನನ್ನು ತೊಳೆದಿರಲಿಲ್ಲ. ಮೆನೆಗೊ ಕಂಕುಳಲ್ಲಿ ನಿಲುವಂಗಿ ಹಿಡಿದುಕೊಂಡು ಮನೆಗೆ ನಡೆದ. ದಾರಿಯಲ್ಲಿ ದೊನ್ನಾ ಲಾವ್ದೋಮಿಯಾ ಎದುರಾದರು. ಅವರು ಬೈಯಲಿಲ್ಲ.

"ಬಂಗಾರದ ಹಾಗಿತ್ತು ಅಂದಿದ್ಯಲ್ಲೋ" ಎಂದಷ್ಟೇ ಕೇಳಿ, ಮುಸುಕು ಎಳೆದುಕೊಂಡು ಹೋದರು. ಕೂಟದ ತೀರ್ಪಿಗಿಂತ ಅದೇ ಅವನಿಗೆ ಹೆಚ್ಚು ನಾಟಿತು.

ಗಾಸ್ಪಾರೊ ಅವರ ಪುಸ್ತಕ ಮರುವರ್ಷ ವೆನಿಸ್‌ನಲ್ಲಿ ಅಚ್ಚಾಯಿತು. ಒಂದು ಪ್ರತಿ ಹೊರಲು ಎರಡು ಎತ್ತು ಬೇಕಿತ್ತು. ಮೊದಲ ಪುಟದಲ್ಲೇ ದೊಡ್ಡ ಚಿತ್ರ: ನಡುವೆ ಮೇಜು, ಕೈಯಲ್ಲಿ ಕತ್ತಿ ಹಿಡಿದ ಗಾಸ್ಪಾರೊ, ಸುತ್ತ ಬೆರಗಾದ ಜನಸಾಗರ. ಊರಿನ ಜನವೆಲ್ಲ ಅದರಲ್ಲಿ ತಮ್ಮ ಮುಖ ಹುಡುಕಿದರು. ಮೆನೆಗೊ ಸುಲಭವಾಗಿ ಸಿಕ್ಕ. ಮೇಜಿನ ಕೆಳಗೆ, ಒಂದು ನಾಯಿಯ ಪಕ್ಕದಲ್ಲಿ, ಕುಕ್ಕರುಗಾಲಲ್ಲಿ ಕೂತು ಕತ್ತಿ ಮಸೆಯುತ್ತಿದ್ದ. ನಾಯಿಯ ಮುಖ ಅವನದಕ್ಕಿಂತ ಚೆನ್ನಾಗಿ ಬಂದಿತ್ತು. ಒಳಗೆ ಬಲೆಯ ವಿಷಯ ಬರೆದ ಕಡೆ, ಮೂಢ ಕ್ಷೌರಿಕನೊಬ್ಬನ ವಂಚನೆಯಿಂದ ಹಿರಿಯರು ದಾರಿ ತಪ್ಪಿದ್ದರು ಎಂದಿತ್ತಂತೆ. ಲ್ಯಾಟಿನ್ ಬಲ್ಲವರೊಬ್ಬರು ಗಡ್ಡಕ್ಕೆ ಕೂತಾಗ ಓದಿ ಹೇಳಿದರು. ಓದಿದ್ದಕ್ಕೆ ಗಡ್ಡದ ಕೂಲಿ ಬಿಡಿಸಿಕೊಂಡರು.

ಓರ್ಸೊಲಾ ಆ ಈಸ್ಟರ್‌ಗೆ ನಿಲುವಂಗಿಯನ್ನು ಬಿಸಿಲಿಗೆ ಹಾಕಲಿಲ್ಲ. ಕತ್ತರಿ ತಂದು, ತೋಳು ಬಿಡಿಸಿ, ಅಂಚು ಮಡಚಿ ಹೊಲಿದು, ಗಡ್ಡಕ್ಕೆ ಕೂತವರ ಕೊರಳಿಗೆ ಕಟ್ಟುವ ಹೊದಿಕೆ ಮಾಡಿದಳು.

"ನೀನೊಬ್ಬನೇ ತೊಡ್ಬೇಕಿತ್ತು" ಎಂದಳು. "ಈಗ ಊರೇ ತೊಡ್ಲಿ."

ಅಂದಿನಿಂದ ಕಾಸ್ತೆಲ್‌ಬ್ರೆಂಟದ ದೋಣಿಯವರು, ರೊಟ್ಟಿಯವರು, ಈರುಳ್ಳಿ ಮಾರುವವರು ಎಲ್ಲರೂ ವಾರಕ್ಕೊಮ್ಮೆ ಪಾದ ಮುಚ್ಚುವ ಕಪ್ಪು ಬೆರ್ಗಮೊ ಉಣ್ಣೆಯಲ್ಲಿ ಕೂತು ಎದ್ದರು. ಇಟಲಿಯಲ್ಲೆಲ್ಲೂ ಇಷ್ಟು ವೈದ್ಯರಿದ್ದ ಊರು ಇನ್ನೊಂದಿರಲಿಲ್ಲ.

ವರ್ಷಗಳು ಹೋದವು. ಗಾಸ್ಪಾರೊ ಅವರ ಗಡ್ಡದಲ್ಲಿ ಬಿಳಿ ಬಂತು, ಮೊಣಕಾಲಿನಲ್ಲಿ ನೋವು ಬಂತು. ನಿಂತು ಕೊಯ್ಯುವುದು ಕಷ್ಟವೆಂದು ಅವರೂ ಪೀಠ ಹತ್ತಿದರು. ಅಲ್ಲಿಂದ ಪುಸ್ತಕ ಓದಿದರು. ಈಗ ಓದುವ ಪುಸ್ತಕ ಅವರದೇ. ಕೆಳಗೆ ಕೊಯ್ಯಲು ಪೆಲ್ಲೆಗ್ರಿನ್ ಎಂಬ ಹೊಸ ಕ್ಷೌರಿಕ ಬಂದ. ಉದ್ದ ನಿಲುವಂಗಿ ಸಿಗುತ್ತದೆ ಎಂದು ಅವನಿಗೂ ಮಾತು ಕೊಟ್ಟಿದ್ದರು.

ಒಂದು ಚಳಿಗಾಲದ ಬೆಳಿಗ್ಗೆ ಝನೆಟ್ಟಾ ಅಂಗಡಿಯ ಬಾಗಿಲಲ್ಲಿ ಬಂದು ನಿಂತಳು. ಹಲ್ಲೆಲ್ಲ ಬಿದ್ದಿದ್ದರೂ ನಾಲಿಗೆ ಹಾಗೇ ಇತ್ತು.

"ಮೇಸ್ತ್ರೀ, ಒಂದು ಸಿಹಿ ಸುದ್ದಿ. ನನ್ನ ವ್ಯಾಪಾರ ಮತ್ತೆ ಶುರುವಾಯ್ತು."

"ಏನ್ ವ್ಯಾಪಾರ?"

"ಆ ಪೆಲ್ಲೆಗ್ರಿನ್ ಬಂದಿದ್ದ. ಒಂದು ನಾಯಿ ಕೊಯ್ದು ಮೂತ್ರಪಿಂಡ ಕೊಡು ಅಂದ. ಯಾಕಪ್ಪಾ ಅಂದೆ. ದೊಡ್ಡವರ ಪುಸ್ತಕದ ಚಿತ್ರಕ್ಕೆ ಮನುಷ್ಯಂದು ಒಪ್ಪಲ್ಲವಂತೆ. ಬಟ್ಟೆ ಸುತ್ತಿ ಇಟ್ಕೋತಾನಂತೆ, ಪಾಪ."

ಮೆನೆಗೊ ನಗಲಿಲ್ಲ. ಅವಳು ಹೋದ ಮೇಲೂ ಬಹಳ ಹೊತ್ತು ಕತ್ತಿಯನ್ನು ತೊಗಲಿಗೆ ತಿಕ್ಕುತ್ತಲೇ ಇದ್ದ.

ಅದೇ ವಾರ ಗಾಸ್ಪಾರೊ ಗಡ್ಡಕ್ಕೆ ಬಂದರು. ಅವರ ಮನೆಯ ಕ್ಷೌರಿಕನಿಗೆ ಜ್ವರವಂತೆ. ಮೆನೆಗೊ ಕಪ್ಪು ಹೊದಿಕೆ ಕೊಡವಿ ಅವರ ಕೊರಳಿಗೆ ಕಟ್ಟಿದ. ಅವರು ಬಟ್ಟೆಯನ್ನು ಬೆರಳಲ್ಲಿ ಹಿಡಿದು ನೋಡಿದರು.

"ಒಳ್ಳೆ ಉಣ್ಣೆ ಕಣೋ. ಕ್ಷೌರದಂಗಡಿಗೆ ಹೆಚ್ಚಾಯ್ತು."

"ಹೌದು ಸ್ವಾಮಿ. ಹೆಚ್ಚಾಗಿ ಉಳಿದಿತ್ತು."

ತಲೆ ಹಿಂದಕ್ಕೊರಗಿತು. ಕೊರಳು ಬೆಳಕಿಗೆ ಬಂತು. ಮೆನೆಗೊ ಕತ್ತಿ ಇಟ್ಟ.

"ನನ್ನ ಪುಸ್ತಕ ನೋಡಿದ್ಯಾ ಮೆನೆಗೊ?"

"ನೋಡಿದೀನಿ ಸ್ವಾಮಿ. ಮೇಜಿನ ಕೆಳಗಿಂದ."

ಗಾಸ್ಪಾರೊ ಏನೋ ಹೇಳಲು ಹೋದರು. ಕತ್ತಿ ಗಂಟಲ ಮೇಲಿದ್ದುದರಿಂದ ಹೇಳಲಿಲ್ಲ. ಮೆನೆಗೊ ನಿಧಾನವಾಗಿ ಒಂದು ಎಳೆತ ಎಳೆದು ನೊರೆ ಒರೆಸಿದ.

"ಒಂದು ಕೇಳ್ಲಾ? ಪುಸ್ತಕದಲ್ಲಿರೋ ಮೂತ್ರಪಿಂಡದ ಚಿತ್ರ. ನೀವು ಅದನ್ನ ಮನುಷ್ಯನಲ್ಲಿ ಕಂಡಿದೀರಾ?"

 ಗಾಸ್ಪಾರೊ ಚಾವಣಿಯ ತೊಲೆ ನೋಡುತ್ತಿದ್ದರು. ಹೊಸದಾಗಿ ಬಂದಾಗ ಬೆಂಚುಗಳ ಮುಂದೆ ಆಡಿದ ಮಾತು ಅವರಿಗೆ ನೆನಪಾಯಿತೋ ಇಲ್ಲವೋ, ಮುಖದಲ್ಲಿ ತಿಳಿಯಲಿಲ್ಲ.

"ಮೇಜಿನ ಮೇಲೆ ಬರೋರ್ದು ಸರಿಯಾಗಿ ಕಾಣಲ್ಲ ಕಣೋ" ಎಂದರು ಕೊನೆಗೆ. "ಪರಊರಿನ ಕಳ್ಳರಲ್ವಾ? ಕುಡಿದು ಕುಡಿದು ಒಳಗೆಲ್ಲ ಹಾಳಾಗಿರುತ್ತೆ. ಮರ್ಯಾದಸ್ಥರಲ್ಲಿ ಚಿತ್ರದಲ್ಲಿರೋ ಹಾಗೇ ಇರುತ್ತೆ."

ಮೆನೆಗೊನ ಕೈ ನಿಂತಿತು. ಕತ್ತಿ ಎಲ್ಲಿತ್ತೋ ಅಲ್ಲೇ ಇತ್ತು. ಬೇರೆ ಯಾರ ಕತ್ತಿಯಾದರೂ ಆ ಹೊತ್ತಿಗೆ ಏನು ಮಾಡುತ್ತಿತ್ತೋ. ಆದರೆ ಗಡ್ಡವೊಂದನ್ನು ಬಿಟ್ಟು ಬೇರೇನನ್ನೂ ಕೊಯ್ಯಬಾರದೆಂದು ಕೂಟ ತೀರ್ಪು ಕೊಟ್ಟಿತ್ತು, ಆ ತೀರ್ಪಿಗೆ ಈ ಮನುಷ್ಯನೂ ಕೈ ಎತ್ತಿದ್ದ. ಮೆನೆಗೊ ಗಡ್ಡವನ್ನಷ್ಟೇ ಕೊಯ್ದ. ಒಂದು ಗೀರೂ ಇಲ್ಲದೆ ಮುಗಿಸಿ, ಮುಖ ಒರೆಸಿ, ಕೊರಳ ಗಂಟು ಬಿಚ್ಚಿದ.

"ಏಳಿ ಸ್ವಾಮಿ. ಆಯ್ತು."

ಗಾಸ್ಪಾರೊ ಎದ್ದು ತಮ್ಮ ಸ್ವಂತ ನಿಲುವಂಗಿ ಸರಿಮಾಡಿಕೊಂಡು, ಮೊಣಕಾಲು ಎಳೆಯುತ್ತ ವಿದ್ಯಾಶಾಲೆಯ ಕಡೆ ಹೋದರು. ಅವತ್ತು ಮೂತ್ರಪಿಂಡದ ದಿನ. ಮೆನೆಗೊ ಕಪ್ಪು ಉಣ್ಣೆಯನ್ನು ಬಾಗಿಲಿಗೆ ತಂದು, ಎರಡು ತುದಿ ಹಿಡಿದು, ಡಾಕ್ಟರ ಗಡ್ಡದ ಬಿಳಿ ಕೂದಲನ್ನು ಬೀದಿಗೆ ಕೊಡವಿದ.

ಬೆಂಚಿನ ಮೇಲೆ ಈರುಳ್ಳಿ ಮಾರುವವನು ಕಾಯುತ್ತಿದ್ದ.

"ಬಾರಯ್ಯಾ ಡಾಕ್ಟ್ರೇ" ಎಂದ ಮೆನೆಗೊ, "ನಿನ್ನ ಸರದಿ."